ಕಾರಿನ ಬ್ಲ್ಯಾಕ್ ಬಾಕ್ಸ್ ದಾಖಲೆ ಯಾರ ಸ್ವತ್ತು?

ಮಾನ್ಯ ಸಂಪಾದಕರೇ,

ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಕಾರು ಅಪಘಾತವಾದಾಗಲೆಲ್ಲ ‘ಬ್ಲ್ಯಾಕ್ ಬಾಕ್ಸ್ ಬಿಚ್ಚಿದರೆ ಎಲ್ಲ ಗೊತ್ತಾಗುತ್ತೆ’ ಎನ್ನುವವರಿದ್ದಾರೆ. ‘ಕಾರೊಳಗೆ ಆಡಿದ ಮಾತೆಲ್ಲ ಕಂಪನಿಗೆ ಹೋಗುತ್ತಂತೆ’ ಎಂದು ಹೆದರುವವರೂ ಇದ್ದಾರೆ. ಇಬ್ಬರೂ ಪೆಟ್ಟಿಗೆಗೆ ಇಲ್ಲದ ಶಕ್ತಿಯನ್ನು ಕೊಟ್ಟಿದ್ದಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಅದರಲ್ಲಿರುವ ಅಷ್ಟಿಷ್ಟು ದಾಖಲೆಯನ್ನು ಓದುವ ಹಕ್ಕು ಯಾರಿಗೆ?

ವಿಮಾನದಲ್ಲಿರುವಂತೆ ಕಾರಿನಲ್ಲಿ ಇದಕ್ಕೆ ಪ್ರತ್ಯೇಕ ಪೆಟ್ಟಿಗೆ ಇರುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಗೇರ್ ಲಿವರ್ ಆಸುಪಾಸು, ಕನ್ಸೋಲ್ ಕೆಳಗೆ ನೆಲಕ್ಕೆ ಬೋಲ್ಟ್ ಹಾಕಿರುವ ಏರ್‌ಬ್ಯಾಗ್ ಮಾಡ್ಯೂಲೇ (ಏರ್‌ಬ್ಯಾಗ್ ತೆರೆಯಿಸುವ ಪುಟ್ಟ ಕಂಪ್ಯೂಟರ್) ಅಪಘಾತದ ಮಾಹಿತಿ ಬರೆದಿಡುವ ಈ ಕೆಲಸವನ್ನೂ ಮಾಡುತ್ತದೆ. ಕೆಲವೇ ಸೆಕೆಂಡುಗಳ ಮಾಹಿತಿ ಅದರ ಮೆಮೊರಿಯಲ್ಲಿ ಸುತ್ತುತ್ತಿರುತ್ತದೆ. ಹೊಸದು ಬಂದಂತೆ ಹಳೆಯದು ಅಳಿಯುತ್ತದೆ. ಗುದ್ದಿದಾಗ ಮಾತ್ರ ಉಳಿಯುತ್ತದೆ. ಅಮೆರಿಕದ ನಿಯಮದಲ್ಲಿ ಇದು ಗುದ್ದುವ ಮುಂಚಿನ 5 ಸೆಕೆಂಡು, ಸೆಕೆಂಡಿಗೆ 2 ಸಲದಂತೆ ಇತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು 20 ಸೆಕೆಂಡು, ಸೆಕೆಂಡಿಗೆ 10 ಸಲ ಎಂದು ತಿದ್ದಿದರು. ವೇಗ, ಆಕ್ಸಿಲರೇಟರ್, ಬ್ರೇಕ್ ಒತ್ತಿತ್ತೇ ಇಲ್ಲವೇ, ಸೀಟ್ ಬೆಲ್ಟ್ ಹಾಕಿತ್ತೇ, ಏರ್‌ಬ್ಯಾಗ್ ಎಷ್ಟು ಮಿಲಿಸೆಕೆಂಡಿಗೆ ತೆರೆಯಿತು – ದಾಖಲಾಗುವುದು ಇಂಥವು. ಆ ಪಟ್ಟಿಯಲ್ಲಿ ಮಾತಿಲ್ಲ, ಜಿಪಿಎಸ್ ಇಲ್ಲ, ದಿನಾಂಕವೂ ಇಲ್ಲ. ದಿನಾಂಕವಿಲ್ಲದ್ದರಿಂದ ದಾಖಲೆ ಈ ಅಪಘಾತದ್ದೋ ಹಳೆಯದೋ ಎಂಬುದನ್ನು ಇಗ್ನಿಷನ್ ಎಷ್ಟನೇ ಸಲ ಆನ್ ಆಗಿತ್ತು ಎಂಬ ಲೆಕ್ಕದಿಂದ ಹೊಂದಿಸಿ ನೋಡಬೇಕಾಗುತ್ತದೆ.

ಇಷ್ಟನ್ನೂ ತಪ್ಪಾಗಿ ಓದಲು ಸಾಕಷ್ಟು ದಾರಿಗಳಿವೆ. ಮಾಡ್ಯೂಲಿಗೆ ವೇಗ ತಿಳಿಯುವುದು ಚಕ್ರದ ತಿರುಗಾಟದಿಂದ. ಬ್ರೇಕ್ ಹಾಕಿ ಚಕ್ರ ಜಾರಿದರೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಂಪನಿ ಅಳತೆ ಬಿಟ್ಟು ದೊಡ್ಡ ಟೈರ್ ಹಾಕಿಸಿದ್ದರೂ ಲೆಕ್ಕ ತಪ್ಪುತ್ತದೆ. ಸೆಕೆಂಡಿಗೆ 2 ಸಲ ಬರೆಯುವ ಮಾಡ್ಯೂಲ್ ಆದರೆ, 80 ಕಿ.ಮೀ. ವೇಗದಲ್ಲಿ ಎರಡು ದಾಖಲೆಗಳ ನಡುವೆ ಕಾರು 11 ಮೀಟರ್ ಸಾಗಿರುತ್ತದೆ. ಚಾಲಕ ಬ್ರೇಕ್ ತುಳಿದದ್ದು ಆ 11 ಮೀಟರಿನ ಎಲ್ಲಿ ಎಂಬುದು ಅದಕ್ಕೆ ತಿಳಿಯದು. ಇನ್ನು ಅದೇ ಅಮೆರಿಕದ ನಿಯಮದಂತೆ ದಾಖಲೆ ಶುರುವಾಗಲು 150 ಮಿಲಿಸೆಕೆಂಡಿನೊಳಗೆ ಕಾರಿನ ವೇಗ ಕನಿಷ್ಠ 8 ಕಿ.ಮೀ. ಬದಲಾಗಬೇಕು. ಪಾದಚಾರಿಗೆ ಗುದ್ದಿದಾಗ ಕಾರಿನ ವೇಗ ಅಷ್ಟು ಕುಗ್ಗದೇ ಇರಬಹುದು. ಆಗ ಮಾಡ್ಯೂಲಿನಲ್ಲಿ ಏನೂ ಇರದು. ‘ದಾಖಲೆ ಇಲ್ಲ, ಆದ್ದರಿಂದ ಗುದ್ದೇ ಇಲ್ಲ’ ಎಂದು ವಾದಿಸುವವರು ನಾಳೆ ಬಂದೇ ಬರುತ್ತಾರೆ.

ನಮ್ಮ ಮಂಡ್ಯದ ರಸ್ತೆಗಳಿಗೇ ಬರೋಣ. ಕಬ್ಬು ಅರೆಯುವ ಕಾಲದಲ್ಲಿ, ರಾತ್ರಿ, ಹಿಂದೆ ದೀಪವೂ ರಿಫ್ಲೆಕ್ಟರೂ ಇಲ್ಲದ ಟ್ರೈಲರ್‌ಗೆ ಕಾರು ಗುದ್ದಿತೆನ್ನಿ. ಕಾರಿನ ಮೂತಿ ಟ್ರೈಲರ್ ಅಡಿಗೆ ನುಗ್ಗುವುದರಿಂದ ಮೊದಲ ಪೆಟ್ಟು ಮೆತ್ತಗೆ ಬಿದ್ದು, ಏರ್‌ಬ್ಯಾಗ್ ತಡವಾಗಿ ತೆರೆಯಬಹುದು, ತೆರೆಯದೆಯೂ ಇರಬಹುದು. ಏರ್‌ಬ್ಯಾಗ್ ತೆರೆದಿದ್ದರೆ ದಾಖಲೆ ಲಾಕ್ ಆಗಿರುತ್ತದೆ. ತೆರೆಯದಿದ್ದರೆ ಮುಂದಿನ ಘಟನೆ ಅದರ ಮೇಲೆಯೇ ಬರೆಯಬಲ್ಲದು. ಒಂದು ವೇಳೆ ದಾಖಲೆ ಸಿಕ್ಕಿತು ಎನ್ನಿ: ‘ವೇಗ 80, ಬ್ರೇಕ್ ಕೊನೆಯ ಅರ್ಧ ಸೆಕೆಂಡಿನಲ್ಲಿ.’ ಟ್ರೈಲರ್ ಕಡೆಯಿಂದ ಸಾಕ್ಷಿ ಹೇಳುವ ಯಂತ್ರ ಯಾವುದೂ ಇಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಚಾಲಕನ ನಿರ್ಲಕ್ಷ್ಯದ ಪಾಲು ಹೆಚ್ಚಿದಷ್ಟೂ ಅವನ ಕುಟುಂಬಕ್ಕೆ ಸಿಗುವ ಹಣ ಇಳಿಯುತ್ತದೆ. ಒಂದೇ ಕಡೆಯ ಮಾತು ಹೇಳುವ ಯಂತ್ರವನ್ನು ಯಾರು, ಯಾವಾಗ, ಯಾರೆದುರು ಓದಿದರು ಎಂಬುದು ಅದಕ್ಕೇ ಮುಖ್ಯ.

ಅಮೆರಿಕದಲ್ಲಿ 2015ರ ಕಾಯ್ದೆ ಈ ದಾಖಲೆ ಕಾರಿನ ಮಾಲೀಕನದು ಅಥವಾ ಲೀಸಿಗೆ ಪಡೆದವನದು ಎಂದಿದೆ. ಕೆಲವು ವಿನಾಯಿತಿ ಬಿಟ್ಟರೆ ಒಪ್ಪಿಗೆಯೋ ನ್ಯಾಯಾಲಯದ ಆದೇಶವೋ ಬೇಕು. ಯೂರೋಪ್ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಇದನ್ನು ಕಡ್ಡಾಯ ಮಾಡಿತು, ಜೊತೆಗೇ ಇಂಥ ಕಾರಿನದೆಂದು ಗುರುತು ಹತ್ತದಂತೆ ದಾಖಲೆ ಇಡಬೇಕೆಂದೂ ಹೇಳಿತು. ನಮ್ಮಲ್ಲಿ ಈ ಮಾಡ್ಯೂಲಿಗೆಂದೇ ಅಂಥ ಕಾನೂನಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಕಂಪನಿಗಳ ಮುಖ್ಯ ಹೊಣೆಗಳಿಗೆ ಮತ್ತೆ 18 ತಿಂಗಳ ಗಡುವು. ಆದರೆ ಆ ಕಾಯ್ದೆ ಮಾಹಿತಿಯನ್ನು ಸಂಗ್ರಹಿಸಿ ಬಳಸುವವರನ್ನು ಹಿಡಿಯುವಂಥದ್ದು. ಠಾಣೆಯ ಆವರಣದಲ್ಲೋ ಗ್ಯಾರೇಜಿನಲ್ಲೋ ನಿಂತ ಕಾರಿನ ಕನ್ಸೋಲ್ ಕೆಳಗೆ ಇನ್ನೂ ಯಾರೂ ಓದದೆ ಕುಳಿತಿರುವ ದಾಖಲೆಗೆ ಅದರಿಂದ ಕಾವಲು ಸಿಗುವುದು ಕಷ್ಟ.

ಮಾಡ್ಯೂಲನ್ನೇ ಕಿತ್ತುಹಾಕುತ್ತೇವೆ, ಫ್ಯೂಸ್ ತೆಗೆಯುತ್ತೇವೆ ಎನ್ನುವವರಿಗೆ ಒಂದು ಮಾತು: ಏರ್‌ಬ್ಯಾಗ್ ತೆರೆಯಿಸುವುದೂ ಅದೇ ಮಾಡ್ಯೂಲ್. ದಾಖಲೆ ನಿಲ್ಲಿಸಲು ಹೋಗಿ ಜೀವ ಉಳಿಸುವ ಸಾಧನವನ್ನೇ ಕೊಂದಂತಾಗುತ್ತದೆ. ಬ್ಯಾಟರಿ ವೈರ್ ಬಿಚ್ಚಿದರೂ ಉಳಿದ ದಾಖಲೆ ಅಳಿಯುವುದಿಲ್ಲ. ಏರ್‌ಬ್ಯಾಗ್ ತೆರೆದ ಮೇಲೆ ಹೊಸ ಮಾಡ್ಯೂಲ್ ಹಾಕಿಸುವ ಬದಲು ಹಳೆಯದರ ಚಿಪ್ ‘ರೀಸೆಟ್’ ಮಾಡಿಕೊಡುವ ಅಂಗಡಿಗಳಿವೆ. ಅಲ್ಲಿ ಸಾಕ್ಷ್ಯವೂ ಹೋಗುತ್ತದೆ, ಮುಂದಿನ ಸಲ ಏರ್‌ಬ್ಯಾಗ್ ತೆರೆಯುವ ಖಾತ್ರಿಯೂ ಹೋಗುತ್ತದೆ.

ದಿನನಿತ್ಯದ ಖಾಸಗಿತನ ಸೋರುವುದು ಮಾತ್ರ ಈ ಮಾಡ್ಯೂಲಿನಿಂದಲ್ಲ, ಸಿಮ್ ಇರುವ ‘ಕನೆಕ್ಟೆಡ್’ ಕಾರಿನ ಆ್ಯಪ್‌ನಿಂದ. ಕಾರು ಎಲ್ಲಿದೆ, ಎಷ್ಟು ಜೋರಾಗಿ ಓಡಿತು ಎಂಬುದೆಲ್ಲ ಹೋಗುವುದು ಅಲ್ಲಿಂದ. ಸೆಕೆಂಡ್ ಹ್ಯಾಂಡ್ ಕೊಂಡಾಗ ಆರ್‌ಸಿ ನಿಮ್ಮ ಹೆಸರಿಗೆ ಬರುತ್ತದೆ, ಆ್ಯಪ್ ಖಾತೆ ತಾನಾಗಿ ಬರುವುದಿಲ್ಲ. ಹಳೆಯ ಮಾಲೀಕ ತನ್ನ ಆ್ಯಪ್‌ನಿಂದ ವಾಹನವನ್ನು ತೆಗೆಯದಿದ್ದರೆ ನಿಮ್ಮ ಮನೆಯ ಮುಂದೆ ನಿಂತ ಕಾರನ್ನು ಅವನ ಮೊಬೈಲಿನಲ್ಲೇ ನೋಡಬಹುದು, ಕೆಲವು ಮಾದರಿಗಳಲ್ಲಿ ಬಾಗಿಲನ್ನೂ ತೆರೆಯಬಹುದು. ಮಾರುವವರು ಆ್ಯಪ್‌ನಿಂದ ವಾಹನ ತೆಗೆದು, ಬ್ಲೂಟೂತ್‌ನ ಫೋನ್ ಪಟ್ಟಿ ಅಳಿಸಿ, ಸ್ಕ್ರೀನ್ ಸೆಟ್ಟಿಂಗ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಕೊಟ್ಟು, ಫಾಸ್ಟ್ಯಾಗ್ ಮುಚ್ಚಿಸಬೇಕು. ಫಾಸ್ಟ್ಯಾಗ್ ಬಿಟ್ಟರೆ ಗಣಂಗೂರು ಟೋಲ್ ದಾಟಿದಾಗಲೆಲ್ಲ ದುಡ್ಡು ಹಳಬರದು, ಓಡಾಟದ ಮೆಸೇಜೂ ಹಳಬರಿಗೇ. ಕೊಳ್ಳುವವರು ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ ಸಾಕೆಟ್ಟಿಗೆ (ಕಾರಿನ ದೋಷ ಪತ್ತೆಗೆ ಮೆಕ್ಯಾನಿಕ್ ಯಂತ್ರ ಸಿಕ್ಕಿಸುವ ಜಾಗ) ಟಾರ್ಚ್ ಬಿಟ್ಟು ನೋಡಲಿ. ಅಲ್ಲೊಂದು ಡಾಂಗಲ್ (ಕಾರಿನ ಮಾಹಿತಿ ಓದುವ ಪುಟ್ಟ ಸಾಧನ) ಸಿಕ್ಕಿದ್ದರೆ ಯಾರು ಹಾಕಿದ್ದೆಂದು ಕೇಳಿ. 16ನೇ ಪಿನ್ನಿನಲ್ಲಿ ಕೀಲಿ ತೆಗೆದ ಮೇಲೂ ಬ್ಯಾಟರಿ ಕರೆಂಟ್ ಇರುತ್ತದೆ, ಹಾಗಾಗಿ ಅದು ನಿಂತ ಕಾರಿನಲ್ಲೂ ಕೆಲಸ ಮಾಡುತ್ತದೆ. ವಾರಗಟ್ಟಲೆ ನಿಲ್ಲಿಸಿದರೆ ಬ್ಯಾಟರಿಯನ್ನೂ ಇಳಿಸುತ್ತದೆ.

ಪೊಲೀಸ್ ಮತ್ತು ಸಾರಿಗೆ ಇಲಾಖೆಗೆ ನಮ್ಮ ಕೋರಿಕೆ ದೊಡ್ಡದೇನಲ್ಲ. ಬ್ರೇಕ್ ಇನ್‌ಸ್ಪೆಕ್ಟರ್ ತಪಾಸಣೆ ಮಾಡುವಾಗ ಮಾಡ್ಯೂಲಿನ ಪಾರ್ಟ್ ನಂಬರ್, ಸೀರಿಯಲ್ ನಂಬರ್ ಬರೆದುಕೊಳ್ಳಲಿ. ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 105ನೇ ಕಲಮಿನಂತೆ ಜಪ್ತಿಗೆ ವಿಡಿಯೊ ಮಾಡುತ್ತಾರಲ್ಲ, ಮಾಡ್ಯೂಲ್ ಓದುವುದನ್ನೂ ಹಾಗೆಯೇ ಮಾಲೀಕನ ಅಥವಾ ಅವನ ಕಡೆಯವರ ಎದುರು ಚಿತ್ರೀಕರಿಸಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ದಾಖಲೆ ತಿದ್ದಿದರೆ ಬದಲಾಗುವ ಗುರುತು ಸಂಖ್ಯೆ) ಬರೆದು, ಇಡೀ ಪ್ರಿಂಟ್ಔಟಿನ ಪ್ರತಿಯನ್ನು ಮಾಲೀಕನಿಗೂ ಕೊಡಲಿ, ಬೇಕಾದ ಎರಡು ಹಾಳೆಯನ್ನಷ್ಟೇ ಅಲ್ಲ. ವಿಮೆ ಸರ್ವೇಯರ್ ಓದುವುದಾದರೆ ಕ್ಲೇಮ್ ಫಾರಂನ ಸಾಮಾನ್ಯ ಸಹಿ ಸಾಲದು, ಮಾಡ್ಯೂಲಿಗೆಂದೇ ಬೇರೆ ಒಪ್ಪಿಗೆ ಪತ್ರ ಇರಲಿ. ಟೋಟಲ್ ಲಾಸ್ ಆದ ಕಾರು ಗುಜರಿಗೆ ಹೋಗುವ ಮುನ್ನ ಅದೇ ಪ್ರತಿ ಮಾಲೀಕನ ಕೈ ಸೇರಲಿ. ಕೊನೆಯದಾಗಿ, ಮಾಲೀಕತ್ವ ವರ್ಗಾವಣೆಯ ಫಾರಂ 29ರಲ್ಲಿ ‘ಆ್ಯಪ್ ಖಾತೆಯಿಂದ ವಾಹನವನ್ನು ತೆಗೆದಿದ್ದೇನೆ’ ಎಂದು ಮಾರುವವರು ಸಹಿ ಹಾಕುವ ಒಂದು ಸಾಲು ಸೇರಿಸುವಂತೆ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ರಾಜ್ಯ ಬರೆಯಲಿ.

– ವಾಹನ ಎಲೆಕ್ಟ್ರಿಕಲ್ ತಂತ್ರಜ್ಞರು, ಮಂಡ್ಯ