ಓದದಿದ್ರೆ ಹೇಳಲಿ, ತಪ್ಪು ಓದೋದು ಬೇಡ

ಮಂಡ್ಯ
ಸೋಮವಾರ ರಾತ್ರಿ

ಚಿರಂಜೀವಿ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಭಾನುವಾರ ಊಟದ ಹೊತ್ತಲ್ಲಿ ಆದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನ ಮತ್ತೆ ಕೆದಕೋದು ಬೇಡ. ನನ್ನ ದನಿ ಜೋರಾಯ್ತು, ಅದಕ್ಕೆ ಬೇಜಾರಿದೆ. ಹೇಳಿದ ವಿಷಯಕ್ಕೆ ಬೇಜಾರಿಲ್ಲ. "ಪುಕ್ಕಟೆ ಸಾಫ್ಟ್‌ವೇರ್ ಅಮ್ಮ, ಸ್ಕ್ಯಾನ್ ಮಾಡಿದ ಉತ್ತರ ಪತ್ರಿಕೆಯ ಬಾರ್‌ಕೋಡ್ ಓದೋದೇ ಇಲ್ಲ, ಶುಕ್ರವಾರದೊಳಗೆ ಸರಿಹೋಗದಿದ್ರೆ ದುಡ್ಡು ಕೊಟ್ಟು ಬೇರೆ ತರ್ತಾರೆ, ನನ್ನನ್ನ ಬೇರೆ ಕೆಲಸಕ್ಕೆ ಹಾಕ್ತಾರೆ" ಅಂತ ಹೇಳಿ ಮೈಸೂರಿನ ರೈಲು ಹತ್ತಿಬಿಟ್ಟೆ. ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧಕ್ಕೇ ಇಡ್ತೀಯ, ಅದಕ್ಕೇ ಕಾಗದ. ಪಕ್ಕದಲ್ಲಿ ಇಟ್ಕೊಂಡು ಒಂದೊಂದಾಗಿ ಮಾಡಿ ನೋಡು.

ಮೊದಲು ಕೆಟ್ಟಿರೋದು ಎಲ್ಲಿ ಅಂತ ಗೊತ್ತಾಗಬೇಕು. ಇಡೀ ಬಂಡಲ್ ಮೇಲೆ ಓಡಿಸಿ "ಓದಲ್ಲ" ಅಂದ್ರೆ ಏನೂ ತಿಳಿಯಲ್ಲ. ಓದದೇ ಇರೋ ಒಂದೇ ಒಂದು ಪುಟ ತಗೋ. ಅದರ ಮೇಲಿರೋ ನಂಬರನ್ನೇ ಜಿಂಟ್ ಅನ್ನೋ ಬಾರ್‌ಕೋಡ್ ತಯಾರಿಸೋ ಸಾಫ್ಟ್‌ವೇರಿಗೆ ಕೊಟ್ಟು, ನಿಮ್ಮ ಲೇಬಲ್ಲಿನ ಬಗೆಯಾದ ಕೋಡ್ 128ರಲ್ಲಿ ಹೊಸ ಚಿತ್ರ ಮಾಡಿಸು. ಅದೂ ಓಪನ್ ಸೋರ್ಸೇ. ಆ ಚಿತ್ರವನ್ನ ನೇರವಾಗಿ ಜೆಡ್‌ಬಾರ್‌ಗೆ, ಅಂದ್ರೆ ನೀನು ಬೈದ ಆ ಪುಕ್ಕಟೆ ಸಾಫ್ಟ್‌ವೇರಿಗೆ, ಕೊಡು. ಓದಿದ್ರೆ ಸಾಫ್ಟ್‌ವೇರ್ ಸರಿ ಇದೆ ಅಂತ ಅರ್ಥ. ಆಮೇಲೆ ಅದನ್ನೇ ಪ್ರಿಂಟ್ ತೆಗೆದು ನಿಮ್ಮ ಸ್ಕ್ಯಾನರಲ್ಲೇ ಹಾಕಿ ಓದಿಸು. ಆಗ ಓದದಿದ್ರೆ ಸ್ಕ್ಯಾನಿಂಗ್ ಹತ್ತಿರ ತೊಂದರೆ. ಅದೂ ಓದಿ, ಉತ್ತರ ಪತ್ರಿಕೆ ಮಾತ್ರ ಓದದಿದ್ರೆ ಲೇಬಲ್ ಹತ್ತಿರವೋ ಅದರ ಸುತ್ತಮುತ್ತಲೋ ತೊಂದರೆ. ಅರ್ಧ ಗಂಟೆ ಕೆಲಸ ಕಣೇ, ಇದನ್ನ ಮಾಡದೇ ಯಾರನ್ನೂ ಬೈಯಬಾರದು.

ನಿಮ್ಮ ಸ್ಕ್ಯಾನರ್ ಪಿಡಿಎಫ್ ಕೊಡುತ್ತೆ ಅಂದೆಯಲ್ಲ, ನನಗೆ ಮೊದಲ ಅನುಮಾನ ಅಲ್ಲೇ. ಜೆಡ್‌ಬಾರ್‌ನ ಕಮಾಂಡಿಗೆ ಪಿಡಿಎಫ್ ನೇರವಾಗಿ ಕೊಟ್ರೆ ಅದು ಒಳಗೆ ಇಮೇಜ್‌ಮ್ಯಾಜಿಕ್ ಅನ್ನೋ ಚಿತ್ರದ ಸಾಫ್ಟ್‌ವೇರ್ ಕೈಲಿ ಪುಟ ಬಿಡಿಸಿಕೊಳ್ಳುತ್ತೆ. ಇಮೇಜ್‌ಮ್ಯಾಜಿಕ್ ಏನೂ ಹೇಳದಿದ್ರೆ ಪಿಡಿಎಫನ್ನ 72 ಡಿಪಿಐಗೆ, ಅಂದ್ರೆ ಇಂಚಿಗೆ 72 ಚುಕ್ಕೆಗೆ, ಬಿಡಿಸುತ್ತೆ. ನೀನು 300ರಲ್ಲಿ ಸ್ಕ್ಯಾನ್ ಮಾಡಿದ್ರೂ ಓದೋನ ಕೈಗೆ ಸಿಗೋದು 72. ಇನ್ನು ಕೆಲವು ಲಿನಕ್ಸ್‌ಗಳಲ್ಲಿ ಸೆಕ್ಯೂರಿಟಿ ಪಾಲಿಸಿ ಫೈಲ್ ಪಿಡಿಎಫನ್ನೇ ತಡೆದಿರುತ್ತೆ, ಎರರ್ ಬರುತ್ತೆ, ಜನ ಅದನ್ನ "ಬಾರ್‌ಕೋಡ್ ಓದಲ್ಲ" ಅಂತ ತಿಳ್ಕೋತಾರೆ. ಆ ಪಾಲಿಸಿ ತಿದ್ದೋಕೆ ಹೋಗಬೇಡ. ಪಾಪ್ಲರ್ ಅನ್ನೋ ಪಿಡಿಎಫ್ ಸಾಫ್ಟ್‌ವೇರಿನ ಪಿಡಿಎಫ್‌ಇಮೇಜಸ್ ಕಮಾಂಡನ್ನ ಲಿಸ್ಟ್ ಆಯ್ಕೆ ಹಾಕಿ ಓಡಿಸು. ಪ್ರತಿ ಪುಟದೊಳಗಿನ ಚಿತ್ರ ನಿಜವಾಗಿ ಎಷ್ಟು ಡಿಪಿಐ, ಯಾವ ಬಗೆಯ ಕಂಪ್ರೆಶನ್ ಅಂತ ಪಟ್ಟಿ ಕೊಡುತ್ತೆ. ಆಮೇಲೆ ಅದೇ ಕಮಾಂಡಲ್ಲಿ ಚಿತ್ರಗಳನ್ನ ಇದ್ದ ಹಾಗೇ ಹೊರಗೆ ತೆಗಿ, ಇಲ್ಲಾಂದ್ರೆ ಅದೇ ಪಾಪ್ಲರ್‌ನ ಪಿಡಿಎಫ್‌ಟುಪಿಪಿಎಂನಲ್ಲಿ 300 ಕೊಟ್ಟು ಗ್ರೇ ಪಿಎನ್‌ಜಿ ಮಾಡ್ಕೋ.

ಆ ಪಟ್ಟಿಯಲ್ಲಿ ಕಂಪ್ರೆಶನ್ ಕಾಲಮಲ್ಲಿ ಜೆಬಿಗ್2 ಅಂತ ಕಂಡ್ರೆ ಸ್ವಲ್ಪ ಹುಷಾರು. ಅದರ ನಷ್ಟದ ಬಗೆಯಲ್ಲಿ, ಅಂದ್ರೆ ಚಿತ್ರದ ವಿವರ ಸ್ವಲ್ಪ ಬಿಟ್ಟು ಕುಗ್ಗಿಸೋ ಬಗೆಯಲ್ಲಿ, ಒಂದೇ ಥರ ಕಾಣೋ ತುಣುಕುಗಳಿಗೆ ಒಂದೇ ತುಣುಕನ್ನ ಅಂಟಿಸಿಬಿಡುತ್ತೆ. 2013ರಲ್ಲಿ ಡೇವಿಡ್ ಕ್ರೀಸೆಲ್ ಅನ್ನೋ ಜರ್ಮನ್ ಕಂಪ್ಯೂಟರ್ ವಿಜ್ಞಾನಿ ಕೆಲವು ಝೆರಾಕ್ಸ್ ಯಂತ್ರಗಳು ಸ್ಕ್ಯಾನ್‌ನಲ್ಲಿ 6ನ್ನ 8 ಮಾಡ್ತಿರೋದನ್ನ ತೋರಿಸಿದ್ದು ಇದೇ ಕಾರಣಕ್ಕೆ. ಅಂದ್ರೆ ಬಾರ್‌ಕೋಡ್ ಕೆಳಗೆ ಅಚ್ಚಾದ ಅಂಕಿ ನೋಡಿ "ಬಾರ್‌ಕೋಡ್ ತಪ್ಪು" ಅಂತ ತೀರ್ಮಾನ ಮಾಡೋಕೂ ಆಗಲ್ಲ. ಅಸಲಿ ಕಾಗದವನ್ನೇ ನೋಡಬೇಕು.

ಈಗ ಲೆಕ್ಕ. ಸ್ಕೇಲ್ ಇಟ್ಟು ಬಾರ್‌ಕೋಡಿನ ಅಗಲ ಅಳೆ. ನೀನು ತೋರಿಸಿದ ಖಾಲಿ ಮಾದರಿಯಲ್ಲಿ 12 ಅಂಕಿ ಇತ್ತು. ಕೋಡ್ 128ರ ಸಿ ಸೆಟ್‌ನಲ್ಲಿ ಎರಡು ಅಂಕಿಗೆ ಒಂದು ಚಿಹ್ನೆ, ಹಾಗಾಗಿ ಆರು ಚಿಹ್ನೆ, ಜೊತೆಗೆ ಶುರುವಿನದೊಂದು, ತಾಳೆ ನೋಡೋದೊಂದು. ಒಂದೊಂದಕ್ಕೆ 11 ಮಾಡ್ಯೂಲ್ (ತೀರಾ ಸಣ್ಣ ಗೆರೆಯ ಅಗಲವೇ ಒಂದು ಮಾಡ್ಯೂಲ್), ಕೊನೆಯ ಚಿಹ್ನೆಗೆ 13. ಒಟ್ಟು 101. ಬಾರ್‌ಕೋಡ್ 25 ಮಿಲಿಮೀಟರ್ ಅಗಲ ಇದ್ರೆ ತೀರಾ ಸಣ್ಣ ಗೆರೆ ಕಾಲು ಮಿಲಿಮೀಟರ್. 200 ಡಿಪಿಐನಲ್ಲಿ ಒಂದು ಪಿಕ್ಸೆಲ್ 0.127 ಮಿಲಿಮೀಟರ್, ಅಂದ್ರೆ ಸಣ್ಣ ಗೆರೆಗೆ ಎರಡು ಪಿಕ್ಸೆಲ್ಲೂ ಪೂರ್ತಿ ಸಿಗಲ್ಲ. 300ರಲ್ಲಿ ಹತ್ತಿರ ಹತ್ತಿರ ಮೂರು. ಎರಡಕ್ಕಿಂತ ಕಮ್ಮಿ ಆದ್ರೆ ಅದೃಷ್ಟ, ಮೂರಕ್ಕೆ ಬಂದ್ರೆ ನೆಮ್ಮದಿ. ಇದಕ್ಕಿಂತ ಸಣ್ಣ ಲೇಬಲ್ ಆದ್ರೆ 400, 600. 150ರಲ್ಲಿ ತೆಗೆದ ಚಿತ್ರವನ್ನ ಆಮೇಲೆ ಎರಡು ಪಟ್ಟು ದೊಡ್ಡದು ಮಾಡಿದ್ರೆ ಒಂದೊಂದು ಸಲ ಓದುತ್ತೆ, ಆದ್ರೆ ಕಳೆದುಹೋದ ಗೆರೆ ವಾಪಸ್ ಬರಲ್ಲ.

ಸ್ಕ್ಯಾನರ್‌ನ ಕಪ್ಪು-ಬಿಳುಪು ಮೋಡ್ ಬಿಟ್ಟುಬಿಡು. ಕತ್ತಲೆ ಹೆಚ್ಚಾದ್ರೆ ಗೆರೆ ದಪ್ಪವಾಗಿ ಮಧ್ಯದ ಬಿಳಿ ಸಂದು ಮುಚ್ಚಿಹೋಗುತ್ತೆ, ಕಮ್ಮಿಯಾದ್ರೆ ಸಣ್ಣ ಗೆರೆ ಅಳಿಸಿಹೋಗುತ್ತೆ. 8 ಬಿಟ್ ಗ್ರೇ ಸಾಕು. ಆದ್ರೆ ಲೇಬಲ್ ಮೇಲೆ ಸೀಲ್ ಹೊಡೆದಿದ್ರೆ ಬಣ್ಣದಲ್ಲೇ ಸ್ಕ್ಯಾನ್ ಮಾಡು. ಕೆಂಪು ಶಾಯಿ ಕೆಂಪು ಚಾನೆಲ್‌ನಲ್ಲಿ ಬಹುಮಟ್ಟಿಗೆ ಮಾಯವಾಗುತ್ತೆ, ಕಪ್ಪು ಗೆರೆ ಉಳಿಯುತ್ತೆ. ನೀಲಿ, ನೇರಳೆ ಸೀಲಿಗೆ ನೀಲಿ ಚಾನೆಲ್. ಹಾಗೇ ಬಾರ್‌ಕೋಡಿನ ಎಡಬಲ ಎರಡೂ ಕಡೆ ಸಣ್ಣ ಗೆರೆಯ ಹತ್ತರಷ್ಟು ಬಿಳಿ ಜಾಗ ಇರಲೇಬೇಕು, ನಿಮ್ಮ ಲೇಬಲ್ಲಿಗೆ ಎರಡೂವರೆ ಮಿಲಿಮೀಟರ್. ಚೌಕಟ್ಟಿನ ಗೆರೆಗೆ ತಗುಲಿಸಿ ಅಂಟಿಸಿದ್ರೆ, ಸ್ಟೇಪ್ಲರ್ ಪಿನ್ ಅಲ್ಲಿಗೆ ಬಂದ್ರೆ, ಅಥವಾ ನೀನೇ ತೀರಾ ಒತ್ತಿ ಕ್ರಾಪ್ ಮಾಡಿದ್ರೆ ಆ ಜಾಗ ಹೋಯ್ತು. ಕ್ರಾಪ್ ಮಾಡಿದ ತುಂಡಿಗೆ ಸುತ್ತ 40 ಪಿಕ್ಸೆಲ್ ಬಿಳಿ ಅಂಚು ಹಾಕಿದ್ರೆ ಎಷ್ಟೋ ಸಲ ಅಷ್ಟಕ್ಕೇ ಓದುತ್ತೆ.

ವಾರೆ ಆಗಿದೆ ಅಂತ ಎಲ್ಲರೂ ಮೊದಲು ದೂರೋದು. ಸ್ಕ್ಯಾನರಿನೊಳಗೆ ಪುಟ ಎಳೆಯೋ ಫೀಡರ್‌ನಲ್ಲಿ ಪುಟ ಎರಡು ಮೂರು ಡಿಗ್ರಿ ವಾಲಿದ್ರೆ ಏನೂ ಆಗಲ್ಲ. ಜೆಡ್‌ಬಾರ್ ಚಿತ್ರವನ್ನ ಅಡ್ಡಡ್ಡ, ಉದ್ದುದ್ದ ಗೆರೆಗಳಲ್ಲಿ ನೋಡ್ತಾ ಹೋಗುತ್ತೆ, ಯಾವುದೋ ಒಂದು ಗೆರೆ ಈ ತುದಿಯಿಂದ ಆ ತುದಿಗೆ ಎಲ್ಲ ಪಟ್ಟಿಯನ್ನೂ ದಾಟಬೇಕು, ಅಷ್ಟೇ. 25 ಮಿಲಿಮೀಟರ್ ಅಗಲ, 8 ಎತ್ತರ ಇದ್ರೆ ಲೆಕ್ಕದಲ್ಲಿ 17 ಡಿಗ್ರಿವರೆಗೂ ದಾಟುತ್ತೆ. ಲೇಬಲನ್ನೇ ಮೂಲೆಗೆ ಓರೆಯಾಗಿ ಅಂಟಿಸಿದ್ರೆ ಮಾತ್ರ ಚಿತ್ರ ತಿರುಗಿಸಿ ಕೊಡು.

ಅದಕ್ಕಿಂತ ಫೀಡರ್ ಗಾಜು ನೋಡು. ಗಾಜಿನ ಆ ಕಿರಿದಾದ ಪಟ್ಟಿ ಮೇಲೆ ಒಂದು ಚುಕ್ಕೆ ಅಂಟೋ ವೈಟ್ನರೋ ಕೂತ್ರೆ ಪುಟದ ಉದ್ದಕ್ಕೂ ಒಂದು ಗೆರೆ ಎಳೆಯುತ್ತೆ. ಪುಟ ಹೋಗೋ ದಿಕ್ಕಿಗೇ ಬಾರ್‌ಕೋಡಿನ ಪಟ್ಟಿಗಳೂ ನಿಂತಿದ್ರೆ ಆ ಗೆರೆ ಇನ್ನೊಂದು ಪಟ್ಟಿಯಾಗಿ ಸೇರ್ಕೊಳ್ಳುತ್ತೆ, ಮೇಲಿಂದ ಕೆಳಗೆ ಎಲ್ಲಿ ನೋಡಿದ್ರೂ ಕೆಟ್ಟಿರುತ್ತೆ. ಪಟ್ಟಿಗಳು ಅಡ್ಡ ಮಲಗಿದ್ರೆ ಒಂದು ಜಾಗ ಮಾತ್ರ ಕೆಡುತ್ತೆ, ಪಕ್ಕದಲ್ಲಿ ಓದಿಕೊಳ್ಳುತ್ತೆ. ಪುಟ ಹಾಕೋ ದಿಕ್ಕು ಬದಲಾಯಿಸಿದ್ರೇ ಅರ್ಧ ತೊಂದರೆ ಹೋಗಬಹುದು. ಗಾಜನ್ನ ನಾರು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿಸು, ದಿನಾ ಬೆಳಗ್ಗೆ.

ಇಷ್ಟೆಲ್ಲ ಓದದೇ ಇರೋದರ ಬಗ್ಗೆ. ನನಗೆ ನಿದ್ದೆ ಬರದೇ ಇರೋದು ಇದಕ್ಕಲ್ಲ.

ನೀನು ಲ್ಯಾಪ್‌ಟಾಪಲ್ಲಿ ತೋರಿಸಿದ ಪೈಥಾನ್ ಸ್ಕ್ರಿಪ್ಟ್ ಚೆನ್ನಾಗಿತ್ತು. ಯಾರೂ ಹೇಳಿಕೊಡದೇ ಅಷ್ಟು ಬರೆದಿದ್ದೀಯಲ್ಲ ಅಂತ ಖುಷಿ ಆಯ್ತು, ಅವತ್ತು ಬಾಯಿಬಿಟ್ಟು ಹೇಳಲಿಲ್ಲ, ಈಗ ಹೇಳ್ತಿದ್ದೀನಿ. ಆದ್ರೆ ಅದರಲ್ಲಿ ಪೈಥಾನಿಂದ ಜೆಡ್‌ಬಾರ್ ಓಡಿಸೋ ಪೈಜೆಡ್‌ಬಾರ್ ಕರೆಯೋ ಸಾಲನ್ನ ಟ್ರೈ ಒಳಗೆ ಹಾಕಿ, ಕೆಳಗೆ ಎಕ್ಸೆಪ್ಟ್, ಪಾಸ್ ಅಂತ ಬರೆದಿದ್ದೀಯ. ಬಾರ್‌ಕೋಡ್ ಸಿಗದಿದ್ರೆ ಪೈಜೆಡ್‌ಬಾರ್ ಖಾಲಿ ಪಟ್ಟಿ ಕೊಡುತ್ತೆ. ಅದರ ಮೊದಲನೇದನ್ನ ಕೇಳಿದ್ರೆ ಎರರ್. ನಿನ್ನ ಪಾಸ್ ಆ ಎರರನ್ನ ನುಂಗುತ್ತೆ. ನಂಬರ್ ಇಟ್ಟ ವೇರಿಯಬಲ್‌ನಲ್ಲಿ ಹಿಂದಿನ ಪುಟದ ನಂಬರ್ ಹಾಗೇ ಉಳಿದಿರುತ್ತೆ. ಈ ಮಗುವಿನ ಪುಟಕ್ಕೆ ಹಿಂದಿನ ಮಗುವಿನ ನಂಬರ್! ಪರದೆ ಮೇಲೆ ಒಂದು ಕೆಂಪಕ್ಷರ ಕೂಡ ಬರಲ್ಲ.

ಯೋಚನೆ ಮಾಡು. ಮಳವಳ್ಳಿ ಕಡೆಯಿಂದಲೋ ನಾಗಮಂಗಲ ಕಡೆಯಿಂದಲೋ ಬಸ್ಸಲ್ಲಿ ಓಡಾಡಿ ಓದಿದ ಹುಡುಗಿಯ ಪತ್ರಿಕೆ ಇನ್ಯಾರದೋ ಹೆಸರಿಗೆ ಹೋಯ್ತು ಅಂದ್ರೆ ಅವಳಿಗೆ ಗೊತ್ತಾಗೋದಾದ್ರೂ ಹೇಗೆ? "ನಾನೇ ಸರಿಯಾಗಿ ಬರೀಲಿಲ್ಲ" ಅಂತ ಸುಮ್ಮನಾಗ್ತಾಳೆ. ಮರುಮೌಲ್ಯಮಾಪನಕ್ಕೆ ಹಾಕಿದ್ರೂ ಅದೇ ಬೇರೆಯವರ ಪತ್ರಿಕೆಯನ್ನೇ ತೆಗೆದು ನೋಡ್ತಾರೆ. ಓದಲ್ಲ ಅಂತ ಯಂತ್ರ ಹೇಳಿದ್ರೆ ಕೈಯಲ್ಲಿ ಟೈಪ್ ಮಾಡಬಹುದು. ತಪ್ಪನ್ನ ಸರಿ ಅಂತ ಹೇಳಿದ್ರೆ ಯಾರು ಹಿಡೀತಾರೆ?

ಆ ಟ್ರೈ ತೆಗೆದುಹಾಕು. ಪ್ರತಿ ಪುಟ ಶುರುವಾಗೋ ಮುಂಚೆ ನಂಬರ್ ಖಾಲಿ ಮಾಡು. ಸಿಗದಿದ್ರೆ ಆ ಫೈಲನ್ನ ಬೇರೆ ಫೋಲ್ಡರಿಗೆ ಹಾಕು. ಕಮಾಂಡಲ್ಲೇ ಓಡಿಸೋದಾದ್ರೆ ಜೆಡ್‌ಬಾರ್ ಏನೂ ಸಿಗದಾಗ ಎಕ್ಸಿಟ್ ಕೋಡ್ 4 ಕೊಡುತ್ತೆ, ಅದನ್ನ ನೋಡು.

ಇದರ ತಂಗಿ ಇನ್ನೊಂದಿದೆ. ಬಾರ್‌ಕೋಡ್ ಇರೋ ಪುಟ ಬಂದಾಗ ಹೊಸ ಪತ್ರಿಕೆ ಶುರು ಅಂತ ಫೈಲ್ ಒಡೀತಿದ್ದೀರಲ್ಲ, ಆ ಒಂದು ಪುಟ ಓದದಿದ್ರೆ ಈ ವಿದ್ಯಾರ್ಥಿಯ ಪುಟಗಳೆಲ್ಲ ಹಿಂದಿನವರ ಫೈಲಿಗೆ ಅಂಟ್ಕೊಳ್ಳುತ್ತೆ. 40 ಪುಟದ ಬುಕ್‌ಲೆಟ್ ಆದ್ರೆ ಫೈಲಲ್ಲಿ 40 ಇರಲೇಬೇಕು, 80 ಕಂಡ್ರೆ ನಿಲ್ಲಿಸು. ಬಂಡಲ್ ಪಟ್ಟಿಯಲ್ಲಿ ಎಷ್ಟು ಪತ್ರಿಕೆಯೋ ಅಷ್ಟೇ ನಂಬರ್ ಬರಬೇಕು, ಒಂದೇ ನಂಬರ್ ಎರಡು ಸಲ ಬರಬಾರದು, ಕೊಟ್ಟ ನಂಬರುಗಳ ಪಟ್ಟಿಯಲ್ಲಿ ಇಲ್ಲದ್ದು ಬರಬಾರದು. ಈ ಮೂರೂ ತಾಳೆ ಬೀಳೋವರೆಗೆ ಬಂಡಲ್ ಮುಂದೆ ಕಳಿಸಬೇಡ. ಯಾರು ಅರ್ಜೆಂಟ್ ಮಾಡಿದ್ರೂ ಕಳಿಸಬೇಡ ಪುಟ್ಟಿ.

ಓದುವಾಗ ಎಲ್ಲ ಬಗೆಯ ಕೋಡನ್ನೂ ಹುಡುಕೋಕೆ ಬಿಡಬಾರದು. ಗೆರೆ ಎಳೆದ ಪುಟ, ಮಾರ್ಕ್ಸ್ ಟೇಬಲ್, ಒತ್ತಿ ಬರೆದ ಕೈಬರಹ ಇವೆಲ್ಲ ಒಂದೊಂದು ಸಲ ಇಲ್ಲದ ಬಾರ್‌ಕೋಡಾಗಿ ಕಾಣುತ್ತೆ. ಇಂಟರ್‌ಲೀವ್ಡ್ 2 ಆಫ್ 5ರಂಥವು ಇನ್ನೂ ಕಷ್ಟ, ಪಟ್ಟಿಯ ಒಂದು ತುಂಡನ್ನೇ ಓದಿ ಚಿಕ್ಕ ನಂಬರ್ ಕೊಟ್ಟುಬಿಡುತ್ತೆ. ಎಲ್ಲ ಆಫ್ ಮಾಡಿ ಕೋಡ್ 128 ಒಂದನ್ನೇ ಆನ್ ಮಾಡು, ಪೈಜೆಡ್‌ಬಾರಲ್ಲಿ ಸಿಂಬಲ್ಸ್ ಅಂತ ಕೊಟ್ರೆ ಆಗುತ್ತೆ. 12 ಅಂಕಿ ಅಲ್ಲದ್ದನ್ನ ಬಿಸಾಕು. ಕೋಡ್ 128ರಲ್ಲಿ 103ರಿಂದ ಭಾಗಿಸಿ ತಾಳೆ ನೋಡೋ ಚಿಹ್ನೆ ಇದೆ, ಹಾಗಂತ ಪೂರ್ತಿ ನಂಬಬೇಡ, ಅಡ್ಡಾದಿಡ್ಡಿ ತಪ್ಪುಗಳಲ್ಲಿ ನೂರಕ್ಕೆ ಒಂದರ ಹತ್ತಿರ ಅದನ್ನ ದಾಟಿಬಿಡಬಹುದು. ಮುಂದಿನ ಸಲ ಲೇಬಲ್ ಅಚ್ಚು ಹಾಕಿಸುವಾಗ ನಂಬರಿನೊಳಗೇ ಒಂದು ತಾಳೆ ಅಂಕಿ ಇಡಿ ಅಂತ ಮೇಲಿನವರಿಗೆ ಹೇಳು. ಆಧಾರ್ ನಂಬರಿನ ಕೊನೆ ಅಂಕಿ ವೆರ್‌ಹೋಫ್ ವಿಧಾನದ್ದು, ಅಂಥದ್ದು.

ಜೆಡ್‌ಬಾರ್ ಕೊಡೋ ಕ್ವಾಲಿಟಿ ಅನ್ನೋ ಸಂಖ್ಯೆಯನ್ನೂ ಬರೆದಿಡು. ಎಷ್ಟು ಗೆರೆಗಳಲ್ಲಿ ಅದೇ ನಂಬರ್ ಸಿಕ್ಕಿತು ಅನ್ನೋದರ ಅಂದಾಜು ಅದು. 8 ಮಿಲಿಮೀಟರ್ ಎತ್ತರ ಅಂದ್ರೆ 300 ಡಿಪಿಐನಲ್ಲಿ 94 ಪಿಕ್ಸೆಲ್ ಸಾಲು. ಎಷ್ಟು ಸಾಲಿಗೊಮ್ಮೆ ನೋಡಬೇಕು ಅಂತ ಹೇಳೋ ಎಕ್ಸ್ ಮತ್ತು ವೈ ಡೆನ್ಸಿಟಿ ಎರಡನ್ನೂ 1ಕ್ಕೆ ಇಟ್ಟಾಗಲೂ ಕ್ವಾಲಿಟಿ 1, 2 ಅಂತ ಬಂದ್ರೆ ಅನುಮಾನ ಪಡು. ಅಂಥವನ್ನ ಬಾರ್‌ಕೋಡ್ ಓದೋ ಇನ್ನೊಂದು ಸಾಫ್ಟ್‌ವೇರ್ ಜೆಡ್‌ಎಕ್ಸಿಂಗ್‌ನ ಸಿ++ ಆವೃತ್ತಿಗೂ ಕೊಡು. ಎರಡೂ ಒಂದೇ ಹೇಳಿದ್ರೆ ತಗೋ, ಇಲ್ಲಾಂದ್ರೆ ಕಣ್ಣಲ್ಲಿ ನೋಡಿಸು.

ಮತ್ತೆ ಓದಿದ ನಂಬರುಗಳಿರೋ ಆ ಸಿಎಸ್‌ವಿ ಫೈಲನ್ನ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೆದು ಸೇವ್ ಮಾಡಬೇಡ. ಮುಂದಿನ ಸೊನ್ನೆಗಳು ಹೋಗುತ್ತೆ, 15 ಅಂಕಿ ದಾಟಿದ ನಂಬರಿನ ಬಾಲ ಸೊನ್ನೆ ಆಗುತ್ತೆ. ಆಮೇಲೆ ಬೈಯೋದು ಪಾಪದ ಜೆಡ್‌ಬಾರನ್ನ. ಆ ಕಾಲಮನ್ನ ಟೆಕ್ಸ್ಟ್ ಅಂತ ಹೇಳಿ ಇಂಪೋರ್ಟ್ ಮಾಡು.

ಪಾಠ ಮಾಡಲ್ಲ ಅಂದುಕೊಂಡೇ ಕೂತೆ, ನೋಡು ಎಷ್ಟಾಯ್ತು. ದುಡ್ಡಿನ ಸಾಫ್ಟ್‌ವೇರ್ ತರೋದಾದ್ರೆ ತರಲಿ, ಕೆಲವು ನಿಜವಾಗ್ಲೂ ಹರಿದ ಲೇಬಲನ್ನೂ ಓದುತ್ತೆ. ಆದ್ರೆ ಅದಕ್ಕೂ ಕೊಡೋದು ಇದೇ ಗಾಜು, ಇದೇ ಪಾಸ್ ಇರೋ ಸ್ಕ್ರಿಪ್ಟು. ಮೊದಲು ನಿನ್ನ ಜೆಡ್‌ಬಾರ್ ಆವೃತ್ತಿ ನೋಡು. ವಿಂಡೋಸ್‌ಗೆ ಇನ್ನೂ ಓಡಾಡ್ತಿರೋ ಹಳೇ 0.10 ಆದ್ರೆ ಅದು 2009ರದ್ದು. ಲಿನಕ್ಸ್‌ಟಿವಿ ಅನ್ನೋ ಗುಂಪಿನವರು ಈಗ ನೋಡಿಕೊಳ್ತಿರೋದು 0.23ರ ಸಾಲಿನದು. ಇಷ್ಟಾದ ಮೇಲೂ ಓದದ ಪುಟ ಉಳಿದ್ರೆ ಜಿಂಟ್‌ನಲ್ಲಿ ಮಾಡಿದ ಸುಳ್ಳು ನಂಬರಿನ ಲೇಬಲನ್ನ ಖಾಲಿ ಹಾಳೆಗೆ ಅಂಟಿಸಿ, ಅದೇ ಸ್ಕ್ಯಾನರಲ್ಲಿ ತೆಗೆದು, ಪಿಎನ್‌ಜಿಯನ್ನ ನನಗೆ ಮೇಲ್ ಮಾಡು. ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಬೇಡ, ಅದು ಕುಗ್ಗಿಸಿಬಿಡುತ್ತೆ. ಮಕ್ಕಳ ಪತ್ರಿಕೆ ಮಾತ್ರ ನನಗೂ ಕಳಿಸಬೇಡ. ಜೊತೆಗೆ ಯಾವ ಕಮಾಂಡ್, ಯಾವ ಆವೃತ್ತಿ, ಎಷ್ಟು ಡಿಪಿಐ ಅಂತ ಬರಿ.

ರಾತ್ರಿ ಮೆಸ್ ಮುಚ್ಚೋ ಮುಂಚೆ ಹೋಗಿ ಊಟ ಮಾಡು. ಭಾನುವಾರ ಬರ್ತೀಯೋ ಇಲ್ಲವೋ ಶನಿವಾರದೊಳಗೆ ಹೇಳು.

ಇಂತಿ,
ಅಮ್ಮ