ಮಕ್ಕಳ ಬಾಣಕ್ಕೆ ಬೇಟೆಯ ಅಲಗು ಬೇಡ

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಈಜು, ಚೆಸ್ ಜೊತೆಗೆ ಬಿಲ್ಲುಗಾರಿಕೆಗೂ ಅರ್ಧ ಕಾಲಂ ಸಿಕ್ಕಿದೆ, ಸಂತೋಷ. ಆದರೆ ಪಕ್ಕದ ಫೋಟೋ ನೋಡಿ ಗಾಬರಿಯಾಯಿತು. ಅದರಲ್ಲಿರುವ ಹುಡುಗಿ ಹೆದೆ ಎಳೆದು ಹಿಡಿದಿದ್ದಾಳೆ. ಬಾಣದ ತುದಿಯಲ್ಲಿರುವುದು ಮೂರು ಅಲಗಿನ ಬ್ರಾಡ್‌ಹೆಡ್. ಜಿಂಕೆ, ಕಾಡುಹಂದಿ ಹೊಡೆಯಲೆಂದೇ ಮಾಡಿದ ಮೊನೆ ಅದು. ಯಾವುದೋ ಹೊರದೇಶದ ಚಿತ್ರ ಇಂಟರ್‌ನೆಟ್‌ನಲ್ಲಿ ಸಿಕ್ಕಿತು, ಹಾಕಿದರು ಅಂತ ಕಾಣುತ್ತದೆ.

ಫೋಟೋ ತಾನೇ, ಬಿಡಿ ಎನ್ನಬಹುದು. ನಾನು ಮಂಡ್ಯದಲ್ಲಿ ಮಕ್ಕಳಿಗೆ ಬಿಲ್ಲುಗಾರಿಕೆ ಕಲಿಸುತ್ತೇನೆ. ಸೋಮವಾರ ಬೆಳಗ್ಗೆಯೇ ಒಬ್ಬ ತಾಯಿ ಆ ಪುಟ ಮಡಚಿಕೊಂಡು ಮೈದಾನಕ್ಕೆ ಬಂದರು. "ಮೇಡಂ, ನಮ್ಮ ಹುಡುಗನಿಗೆ ಮೊಂಡು ಮೊನೆ ಕೊಟ್ಟಿದ್ದೀರಲ್ಲ, ಇಂಥದ್ದು ಯಾವಾಗ ಹಾಕಿಕೊಡ್ತೀರಿ?" ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ಮೊಬೈಲ್‌ನಲ್ಲಿ ಆರ್ಚರಿ ಎಂದು ಹುಡುಕಿದರೆ ಅಭ್ಯಾಸದ ಮೊನೆಗಳ ಪಕ್ಕದಲ್ಲೇ ಇವೂ ಬರುತ್ತವೆ. ನೋಡಲು ಹೊಳೆಯುತ್ತವೆ. ಇನ್ನೂ ಒಂದು ತೊಂದರೆ ಇದೆ. ಎಷ್ಟೋ ಬಾಣಗಳಲ್ಲಿ ಮೊನೆಯನ್ನು ತಿರುಗಿಸಿ ಬಿಚ್ಚಬಹುದು. ಎರಡೂ ಬಗೆಯ ಮೊನೆಗೆ ಥ್ರೆಡ್ ಒಂದೇ. ಹತ್ತು ವರ್ಷದ ಹುಡುಗ ಸಹ ಅಭ್ಯಾಸದ ಮೊನೆ ಬಿಚ್ಚಿ ಅಲಗು ಕೂರಿಸಿಬಿಡಬಹುದು.

ನಮ್ಮಣ್ಣ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಅಲ್ಲಿ ಸೆಪ್ಟೆಂಬರ್ ಮಧ್ಯದಿಂದ ಬಿಲ್ಲಿನ ಬೇಟೆಯ ಕಾಲ. ಲೈಸೆನ್ಸ್ ಪಡೆದು, ನಿಯಮ ಓದಿಕೊಂಡು ಜಿಂಕೆಗೆ ಹೋಗುತ್ತಾನೆ. ಅವನ ಮನೆಗೆ ಹೋಗಿದ್ದಾಗ ಬ್ರಾಡ್‌ಹೆಡ್ ಕೊಳ್ಳಲು ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಂಗಡಿಯವನು ರೇಟು ಹೇಳುವ ಮೊದಲು ಕೇಳಿದ್ದು ಬಿಲ್ಲಿನ ಎಳೆತ (ಹೆದೆ ಪೂರ್ತಿ ಎಳೆಯಲು ಬೇಕಾದ ಬಲ) ಎಷ್ಟು ಪೌಂಡ್, ಬಾಣ ಎಷ್ಟು ಉದ್ದ, ಒಟ್ಟು ತೂಕ ಎಷ್ಟು, ಯಾವ ಪ್ರಾಣಿ ಎಂದು. ಅದೆಲ್ಲ ಯಾಕೆ ಅಂತ ಆಮೇಲೆ ಅಣ್ಣ ಬಿಡಿಸಿ ಹೇಳಿದ.

ಬಂದೂಕಿನ ಗುಂಡು ಪೆಟ್ಟಿನ ರಭಸಕ್ಕೇ ಪ್ರಾಣಿಯನ್ನು ಕೆಡವಬಹುದು. ಬಾಣಕ್ಕೆ ಆ ಬಲ ಇಲ್ಲ. ಅದು ಶ್ವಾಸಕೋಶ, ರಕ್ತನಾಳ ಕೊಯ್ದು, ರಕ್ತ ಹರಿಸಿ ಕೊಲ್ಲುತ್ತದೆ. ಅದಕ್ಕೇ ಅಲಗು ಕ್ಷೌರದ ಬ್ಲೇಡಿನಷ್ಟು ಹರಿತ ಇರಲೇಬೇಕು. ಮೊಂಡಾದರೆ ಪ್ರಾಣಿ ಗಾಯ ಹೊತ್ತುಕೊಂಡು ಓಡಿ, ಎಲ್ಲೋ ಬಿದ್ದು ನರಳುತ್ತದೆ. ಅಲಗು ಕನಿಷ್ಠ ಇಷ್ಟು ಅಗಲ ಇರಬೇಕು ಎಂದು ಅಲ್ಲಿನ ಕೆಲವು ರಾಜ್ಯಗಳಲ್ಲಿ ನಿಯಮವೇ ಇದೆ. 7/8 ಇಂಚು ಎನ್ನುವುದು ಹಲವು ಕಡೆ ಕಾಣುವ ಅಳತೆ.

ಬ್ರಾಡ್‌ಹೆಡ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಅಲಗು ಸದಾ ತೆರೆದೇ ಇರುತ್ತದೆ. ಇನ್ನೊಂದರಲ್ಲಿ ಮಡಚಿಕೊಂಡಿದ್ದು, ತಾಗಿದಾಗ ಅರಳುತ್ತದೆ. ಯಾವುದು ಮೇಲು ಎಂದು ಅಲ್ಲಿನ ಬೇಟೆಗಾರರು ವಾದ ಮಾಡುವುದನ್ನು ನೋಡಬೇಕು, ನಮ್ಮಲ್ಲಿ ಕಾಫಿಪುಡಿಗೆ ಚಿಕೋರಿ ಎಷ್ಟಿರಬೇಕು ಎಂದು ಜಗಳವಾಡಿದ ಹಾಗೆ! ಮಡಚುವ ಅಲಗು ಗಾಳಿಯಲ್ಲಿ ಅಭ್ಯಾಸದ ಮೊನೆಯ ಹಾಗೆಯೇ ಹಾರುತ್ತದೆ, ತಾಗಿದಾಗ ಗಾಯವೂ ಅಗಲ. ಆದರೆ ಅರಳುವುದಕ್ಕೇ ಬಾಣದ ಶಕ್ತಿ ಸ್ವಲ್ಪ ಖರ್ಚಾಗುತ್ತದೆ. ಬಿಲ್ಲಿನ ಎಳೆತ ಕಡಿಮೆ ಇದ್ದರೆ ಒಳಗೆ ಇಳಿಯಲು ಶಕ್ತಿ ಉಳಿಯುವುದಿಲ್ಲ. ಅಂಥ ಬಿಲ್ಲಿನವರು ಎರಡು ಅಲಗಿನ, ಮೊನೆಯಿಂದಲೇ ಕೊಯ್ಯಲು ಶುರು ಮಾಡುವ ಗಟ್ಟಿ ಬ್ರಾಡ್‌ಹೆಡ್ ಆರಿಸುತ್ತಾರೆ. ನಮ್ಮಣ್ಣ ಆ ಪಕ್ಷ. ಬಿಚ್ಚಿ ಮಡಚುವ ಭಾಗ ಕಡಿಮೆ ಇದ್ದಷ್ಟೂ ಕೈಕೊಡುವುದು ಕಡಿಮೆ ಎಂದು ಅವನ ವಾದ. ನನಗೂ ಅದು ಸರಿ ಎನಿಸಿತು.

ಆದರೆ ತೆರೆದ ಅಲಗಿಗೆ ಬೇರೆ ಕಾಟ ಇದೆ. ಬಾಣದ ಹಿಂದಿನ ಗರಿ ಅದನ್ನು ನೆಟ್ಟಗೆ ಒಯ್ಯಬೇಕು. ಮುಂದಿನ ಅಲಗೂ ಗಾಳಿ ಹಿಡಿದರೆ ಎರಡೂ ಎಳೆದಾಡುತ್ತವೆ. ಬಿಲ್ಲಿನ ಜೋಡಣೆ ಕೂದಲೆಳೆಯಷ್ಟು ತಪ್ಪಿದ್ದರೂ ಬಾಣ ಎತ್ತಲೋ ಹೋಗುತ್ತದೆ. ಹಾಗಾಗಿ ಅಲ್ಲಿಯವರು ಬೇಟೆಯ ಕಾಲಕ್ಕೆ ವಾರಗಟ್ಟಲೆ ಮೊದಲೇ ಆ ಮೊನೆ ಹಾಕಿಯೇ ಗುರಿ ನೋಡುತ್ತಾರೆ. ತೂಕವೂ ಮುಖ್ಯ. 100 ಗ್ರೇನ್, 125 ಗ್ರೇನ್ ಎಂದು ಬರುತ್ತವೆ. 100 ಗ್ರೇನ್ ಎಂದರೆ ಸುಮಾರು ಆರೂವರೆ ಗ್ರಾಂ. ಮೊನೆ ಭಾರವಾದಷ್ಟೂ ಹೆದೆ ಬಿಟ್ಟಾಗ ಬಾಣದ ಕಡ್ಡಿ ಜಾಸ್ತಿ ಬಳುಕುತ್ತದೆ. ಅಭ್ಯಾಸದ ಮೊನೆಗೂ ಬೇಟೆಯ ಮೊನೆಗೂ ತೂಕ ಒಂದೇ ಇರಲಿ ಎನ್ನುವುದು ಅದಕ್ಕೇ.

ಇಷ್ಟೆಲ್ಲ ಬರೆದದ್ದು ನಮ್ಮ ಮಕ್ಕಳಿಗೆ ಇದರಲ್ಲಿ ಒಂದೂ ಬೇಕಿಲ್ಲ ಎಂದು ತೋರಿಸಲು. ನಮ್ಮಲ್ಲಿ ಹೊಸದಾಗಿ ಸೇರುವ ಮಗುವಿನ ಬಿಲ್ಲು 15, 20 ಪೌಂಡ್ ಎಳೆತದ್ದು. ಎದುರಿಗೆ ಇರುವುದು ಫೋಮ್ ಹಲಗೆ. ಬ್ರಾಡ್‌ಹೆಡ್ ಬಿದ್ದರೆ ಅದನ್ನು ಸೀಳುತ್ತದೆ. ಬಾಣ ಕೀಳಲು ಹೋದ ಕೈ ಜಾರಿದರೆ ಬೆರಳಿಗೇ ಬರುತ್ತದೆ. ಸ್ಪರ್ಧೆಯಲ್ಲಂತೂ ಇದಕ್ಕೆ ಜಾಗವೇ ಇಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಸುರೇಖಾ ಮೂರು ಚಿನ್ನ ಗೆದ್ದರಲ್ಲ, ಅವರ ಬಾಣದ ತುದಿಯಲ್ಲೂ ಇದ್ದದ್ದು ನುಣುಪಾದ ಚಿಕ್ಕ ಮೊನೆ. 50 ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತ 8 ಸೆಂಟಿಮೀಟರ್ ಅಗಲ, ಅಷ್ಟೇ. ಅಲ್ಲಿಗೆ ಬಾಣ ಹೋಗಬೇಕಾದರೆ ಬೇಕಾದದ್ದು ನೆಟ್ಟಗಿನ ಹಾರಾಟ.

ಇನ್ನೊಂದು ಮಾತು ಹೇಳಲೇಬೇಕು. ಅದೇ ವಾರ ಮಳವಳ್ಳಿ ಕಡೆಯ ಒಬ್ಬ ತಂದೆ ಮಗಳನ್ನು ಬಿಡಲು ಬಂದವರು ನನ್ನನ್ನು ಪಕ್ಕಕ್ಕೆ ಕರೆದರು. "ಕಬ್ಬಿನ ಗದ್ದೆಗೆ ಹಂದಿ ನುಗ್ತಾ ಇದೆ ಮೇಡಂ. ಪೇಪರ್‌ನಲ್ಲಿ ಬಂದಿತ್ತಲ್ಲ, ಆ ಬಾಣ ಆಗುತ್ತಾ?" ಎಂದರು. ಅವರ ಸಂಕಟ ನನಗೆ ಗೊತ್ತು. ನಮ್ಮ ತವರಿನಲ್ಲೂ ಒಂದೇ ರಾತ್ರಿಗೆ ಸಾಲುಸಾಲು ಕಬ್ಬು ಮಲಗಿಸಿ ಹೋಗಿದ್ದವು. ಆದರೂ ಆಗೋದಿಲ್ಲ ಅಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುವ ಆಯುಧಗಳ ಪಟ್ಟಿಯಲ್ಲಿ ಬಿಲ್ಲು ಬಾಣದ ಹೆಸರೂ ಇದೆ. ಅನುಮತಿಯಿಲ್ಲದೆ ಹೊಡೆಯಲು ಪ್ರಯತ್ನ ಪಟ್ಟರೂ ಅಪರಾಧವೇ. ಬಿಲ್ಲಿಗೆ ಹೆಸರಾದ ಇಂಗ್ಲೆಂಡಿನಲ್ಲೇ ಬಿಲ್ಲಿನ ಬೇಟೆಗೆ ಅವಕಾಶ ಇಲ್ಲ, ಇಲ್ಲಿ ಎಲ್ಲಿಂದ ಬಂತು?

ಕಾನೂನು ಪಕ್ಕಕ್ಕಿಡಿ. ಬಲಿತ ಗಂಡು ಹಂದಿಯ ಭುಜದ ಮೇಲೆ ಚರ್ಮದ ಕೆಳಗೆ ಗಟ್ಟಿ ಕವಚ ಬೆಳೆದಿರುತ್ತದೆ. ಮಕ್ಕಳ ಬಿಲ್ಲಿನಿಂದ ಬಿಟ್ಟ ಅಲಗು ಅಲ್ಲೇ ನಿಲ್ಲುತ್ತದೆ. ಗಾಯಗೊಂಡ ಹಂದಿ ಆಳೆತ್ತರದ ಕಬ್ಬಿನೊಳಗೆ ಹೊಕ್ಕರೆ ಮಾರನೇ ದಿನ ಸೋಗೆ ತರಿಯಲು ಒಳಗೆ ಹೋಗುವವರು ಯಾರು? ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ನೀವೂ ನೋಡಿರಬಹುದು. ಹತ್ತನೇ ಶತಮಾನದ್ದು. ಕಾಳಿ ಎಂಬ ಬೇಟೆನಾಯಿ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತದ್ದನ್ನು ಅದರಲ್ಲಿ ಕೆತ್ತಿದ್ದಾರೆ. ಬೇಟೆಗೇ ಸಾಕಿದ ನಾಯಿಯ ಕಥೆಯೇ ಹೀಗಾಯಿತು. ಬೆಳೆ ಹಾಳಾದರೆ ಫೋಟೋ ತೆಗೆದು, ಪಹಣಿ ಇಟ್ಟು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ ಎಂದು ಹೇಳಿ ಕಳುಹಿಸಿದೆ. ಬರುವ ದುಡ್ಡು ಸಾಲದು ಎಂದು ಗೊಣಗಿದರು. ಅದೂ ನಿಜ. ಅದರ ಬಗ್ಗೆ ನೀವು ಒಂದು ವರದಿ ಮಾಡಿದರೆ ಎಷ್ಟೋ ಜನಕ್ಕೆ ಉಪಯೋಗ.

ಬಿಲ್ಲುಗಾರಿಕೆಯ ಚಿತ್ರ ಬೇಕಾದಾಗ ದಯವಿಟ್ಟು ನಿಮ್ಮ ಫೋಟೋಗ್ರಾಫರ್ ಅವರನ್ನು ಮಂಡ್ಯಕ್ಕೋ ಮೈಸೂರಿಗೋ ಕಳುಹಿಸಿ. ಅಭ್ಯಾಸ ಮಾಡುವ ಮಕ್ಕಳು ಬೇಕಾದಷ್ಟಿದ್ದಾರೆ. ಆನ್‌ಲೈನ್‌ನಲ್ಲಿ ಮಾರುವವರೂ ಬೇಟೆಯ ಅಲಗನ್ನು ಕ್ರೀಡಾ ಸಾಮಾನಿನ ಜೊತೆ ಇಡಬಾರದು. ಇಟ್ಟರೂ ಇದು ಅಭ್ಯಾಸಕ್ಕಲ್ಲ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಲಿ. ತಂದೆ ತಾಯಿಗಳು ಅಂಗಡಿಯಲ್ಲಿ ಅಭ್ಯಾಸದ ಮೊನೆಯನ್ನು ಫೀಲ್ಡ್ ಪಾಯಿಂಟ್ ಅಥವಾ ಟಾರ್ಗೆಟ್ ಪಾಯಿಂಟ್ ಎಂದೇ ಕೇಳಲಿ. ಹಳೆಯ ಮೊನೆ ಎಷ್ಟು ಗ್ರೇನ್ ಇದೆಯೋ ಹೊಸದೂ ಅಷ್ಟೇ ಇರಲಿ.

ಈಗಾಗಲೇ ಬ್ರಾಡ್‌ಹೆಡ್ ಕೊಂಡಿರುವವರು ಅದನ್ನು ಬರಿಗೈಯಲ್ಲಿ ಬಿಚ್ಚಲು ಹೋಗಬೇಡಿ. ಬಾಣದ ಸಮೇತ ದಪ್ಪ ರಟ್ಟಿನಲ್ಲಿ ಸುತ್ತಿ, ನಿಮ್ಮ ಮಗುವಿನ ತರಬೇತುದಾರರಿಗೆ ಕೊಡಿ. ಇದನ್ನು ಬಿಚ್ಚುವುದಕ್ಕೆ ಬೇರೆಯದೇ ಪುಟ್ಟ ಸ್ಪ್ಯಾನರ್ ಬರುತ್ತದೆ, ನಮ್ಮಲ್ಲಿ ಇದೆ.

ಇಂತಿ,
ಬಿಲ್ಲುಗಾರಿಕೆ ತರಬೇತುದಾರಳು, ಮಂಡ್ಯ