ಪ್ರೊಪೆಲ್ಲರ್ ತಿರುಗಿಸುವುದು ಸ್ಟಾರ್ಟ್ ಮಾಡಲಿಕ್ಕಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯ ಡಕೋಟಾ ಎಂಬ ಹಳೆಯ ಸಾಗಣೆ ವಿಮಾನದ ಬರಹದಲ್ಲಿ 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಅದು ಶ್ರೀನಗರದಲ್ಲಿ ಇಳಿದದ್ದು, 2018ರಲ್ಲಿ ವಾಯುಪಡೆಗೆ ಸೇರಿದ ‘ಪರಶುರಾಮ’ ಎಂಬ ಡಕೋಟಾದ ವಿವರ ಸರಿಯಾಗಿಯೇ ಇವೆ. ಆದರೆ ‘ಎಂಜಿನ್ ಸ್ಟಾರ್ಟ್ ಮಾಡಲು ಸಿಬ್ಬಂದಿ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುತ್ತಿದ್ದರು’ ಎಂಬ ಮಾತು ತಪ್ಪು. ಡಕೋಟಾ ಸ್ಟಾರ್ಟ್ ಆಗುವುದು ಕರೆಂಟಿನ ಸ್ಟಾರ್ಟರಿನಿಂದ. ಕೈಯಿಂದ ತಿರುಗಿಸುವುದು ಅದಕ್ಕೂ ಮುಂಚಿನ ತಪಾಸಣೆ.

ಅದರ ಟ್ವಿನ್ ವಾಸ್ಪ್ ಎಂಜಿನಿನಲ್ಲಿ 14 ಸಿಲಿಂಡರುಗಳು ಏಳೇಳರಂತೆ ಎರಡು ಸಾಲಾಗಿ ವೃತ್ತಾಕಾರದಲ್ಲಿ ಕೂತಿವೆ. ವಿಮಾನ ರಾತ್ರಿಯಿಡೀ ನಿಂತರೆ ಆಯಿಲ್ ಪಿಸ್ಟನ್ ರಿಂಗುಗಳ ಸಂದಿಯಿಂದ ಜಿನುಗಿ ಕೆಳಗಿನ ಸಿಲಿಂಡರುಗಳಲ್ಲಿ ಶೇಖರವಾಗುತ್ತದೆ. ಗಾಳಿಯನ್ನು ಅದುಮಬಹುದು, ಆಯಿಲನ್ನು ಅದುಮಲಾಗದು. ಹಾಗೇ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಆಯಿಲಿಗೆ ಗುದ್ದಿ, ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದು ಅಲ್ಲೇ ಮುರಿದರೆ ಪುಣ್ಯ. ಬಾಗಿದ್ದು ಗೊತ್ತಾಗದೆ ಆಕಾಶದಲ್ಲಿ ಮುರಿಯುವುದೇ ಹೆಚ್ಚಿನ ಅಪಾಯ.

ಮೂರು ಬ್ಲೇಡಿನ ಪ್ರೊಪೆಲ್ಲರ್ 9 ಸುತ್ತಿದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 16 ಸುತ್ತುತ್ತದೆ. ಎಲ್ಲ ಸಿಲಿಂಡರುಗಳೂ ಒಮ್ಮೆ ಒತ್ತಡಕ್ಕೆ ಬರಲು ಕ್ರ್ಯಾಂಕ್ ಎರಡು ಸುತ್ತಬೇಕು, ಅಂದರೆ ಕನಿಷ್ಠ ನಾಲ್ಕು ಬ್ಲೇಡ್ ದಾಟಬೇಕು. ಖಾತ್ರಿಗೆ ಒಂಬತ್ತೋ ಅದಕ್ಕಿಂತ ಹೆಚ್ಚೋ ಎಣಿಸುತ್ತಾರೆ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ಸ್ವಿಚ್ ಆಫ್ ಇದ್ದರೂ ಬ್ಲೇಡಿನ ಬಗ್ಗೆ ಎಚ್ಚರ ಬೇಕು: ಸ್ವಿಚ್ಚಿನ ಅರ್ತ್ ವೈರ್ ತುಂಡಾಗಿದ್ದರೆ ಎಂಜಿನಿನಲ್ಲಿ ಕಿಡಿ ಹಾರಿ ಬ್ಲೇಡ್ ತಟ್ಟನೆ ತಿರುಗಬಲ್ಲದು. ಬ್ಲೇಡ್ ಗಟ್ಟಿಯಾಗಿ ಕಚ್ಚಿಕೊಂಡರೆ ಸಿಲಿಂಡರಿನಲ್ಲಿ ಆಯಿಲ್ ಇದೆ ಎಂದರ್ಥ; ಆಗ ಇನ್ನೂ ನಾಲ್ಕು ಜನ ಸೇರಿ ಎಳೆಯುವುದಲ್ಲ, ಹಿಂದಕ್ಕೆ ತಿರುಗಿಸುವುದಂತೂ ಬೇಡವೇ ಬೇಡ. ಹಿಂದಕ್ಕೆ ತಿರುಗಿಸಿದರೆ ಆಯಿಲ್ ಗಾಳಿ ಒಳಬರುವ ಇನ್‌ಟೇಕ್ ಪೈಪಿಗೆ ಹೋಗಿ ಕೂತು, ಸ್ಟಾರ್ಟ್ ಆದೊಡನೆ ಮತ್ತೆ ಸಿಲಿಂಡರಿಗೇ ಬರುತ್ತದೆ. ಕೆಳಗಿನ ಸಿಲಿಂಡರುಗಳ ಪ್ಲಗ್ ಬಿಚ್ಚಿ, ಆಯಿಲ್ ಬಸಿದು, ಆಮೇಲೆ ತಿರುಗಿಸಬೇಕು. ಇಷ್ಟಾದರೂ ಸ್ಟಾರ್ಟ್ ಆದಾಗ ಹೊಗೆ ಬರುತ್ತದೆ. ಗಾಬರಿ ಬೇಡ, ಉಳಿದ ಆಯಿಲ್ ಉರಿಯುತ್ತಿದೆ ಅಷ್ಟೇ.

ಇನ್ನು ಡಕೋಟಾದಿಂದ ಅಕ್ಕಿಯನ್ನು ಆಕಾಶದಿಂದಲೇ ಕೆಳಗೆ ಹಾಕುತ್ತಿದ್ದ ವಿಷಯ. ಎಲ್ಲದಕ್ಕೂ ಪ್ಯಾರಾಚೂಟ್ ಕಟ್ಟುತ್ತಿರಲಿಲ್ಲ. ಮದ್ದುಗುಂಡು, ಔಷಧಿಗೆ ಅದು ಬೇಕೇ ಬೇಕು. ಅಕ್ಕಿ, ಬೇಳೆಯನ್ನು ಹಾಗೇ ಬೀಳಿಸುತ್ತಿದ್ದರು. ನಮ್ಮ ದಾವಣಗೆರೆ ಮಾರುಕಟ್ಟೆಯಲ್ಲಿ ಚೀಲವನ್ನು ಕುಲುಕಿ, ಬಾಯಿಮಟ ತುಂಬಿ, ದಬ್ಬಳದಿಂದ ಹೊಲಿಯುತ್ತಾರಲ್ಲ, ಅಂಥ ಚೀಲ ನೆಲಕ್ಕೆ ಬಿದ್ದರೆ ಒಡೆದು ಅಕ್ಕಿಯೆಲ್ಲ ಚೆಲ್ಲಾಪಿಲ್ಲಿ. ಅದಕ್ಕೇ ಒಳಚೀಲವನ್ನು ಅರೆ ತುಂಬಿ ಸಡಿಲ ಬಿಟ್ಟು, ಅದನ್ನು ಇನ್ನೂ ದೊಡ್ಡ ಗೋಣಿಯೊಳಗೆ ಹಾಕಿ ಹೊಲಿಯುತ್ತಿದ್ದರು. ಬಿದ್ದಾಗ ಒಳಗಿನದು ಹರಿದರೂ ಹೊರಗಿನದು ಕಾಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಲಿರುವುದು ಎಡಬದಿಯಲ್ಲಿ, ರೆಕ್ಕೆಗಿಂತ ಹಿಂದೆ. ಬೇಗ ಮುಗಿಸುವ ಆತುರದಲ್ಲಿ ಚೀಲಗಳನ್ನೆಲ್ಲ ಅಲ್ಲಿಗೇ ಒಟ್ಟಿಬಿಟ್ಟರೆ ಬಾಲದ ಕಡೆ ಭಾರವಾಗಿ ಮೂಗು ಮೇಲಕ್ಕೇಳುತ್ತದೆ. ವೇಗ ಮೊದಲೇ ಕಡಿಮೆ ಇರುವ ಹೊತ್ತಿನಲ್ಲಿ ಇದು ಪೈಲಟ್‌ಗೆ ಬಲು ಕಷ್ಟ.

ಕೊನೆಯದಾಗಿ, ಬರಹದ ಜೊತೆಗಿನ ಚಿತ್ರ ಡಕೋಟಾದ್ದಲ್ಲ. ಹಿಂದಕ್ಕೆ ಎರಡು ಉದ್ದನೆ ತೋಳು ಚಾಚಿ, ಬೆನ್ನ ಮೇಲೆ ಚಿಕ್ಕ ಜೆಟ್ ಎಂಜಿನ್ ಹೊತ್ತಿರುವುದು ಪ್ಯಾಕೆಟ್ ಎಂಬ ಇನ್ನೊಂದು ಸಾಗಣೆ ವಿಮಾನ. ಎತ್ತರದ ಜಾಗಗಳಲ್ಲಿ ಶಕ್ತಿ ಸಾಲದೆಂದು ಆ ಓರ್ಫಿಯಸ್ ಜೆಟ್ಟನ್ನು ನಮ್ಮ ವಾಯುಪಡೆಯವರೇ ಸೇರಿಸಿದ್ದು. ಅಡಿಬರಹ ತಿದ್ದಿ ಇನ್ನೊಮ್ಮೆ ಪ್ರಕಟಿಸಬೇಕಾಗಿ ವಿನಂತಿ.

— ನಿವೃತ್ತ ವಿಮಾನ ತಂತ್ರಜ್ಞರು, ದಾವಣಗೆರೆ